ಗೇಟ್‌ಕೀಪರ್ ಇಲ್ಲದ ಟಾಕೀಸು!

ಅಭಿಮಾನಿ ಮಿತ್ರರೇ, ಒಂದು ಪ್ರಶ್ನೆ. ಎದೆ ಮುಟ್ಟಿಕೊಂಡು ಉತ್ತರ ಹೇಳಿ.

ನಿಮ್ಮ ಮೆಚ್ಚಿನ ನಾಯಕನ ಎದುರು ಎರಡು ನಿಮಿಷ ನಿಲ್ಲಬೇಕಾದರೆ ಎಷ್ಟು ಬಾಗಿಲು ದಾಟಬೇಕು? ಮೊದಲು ಗೇಟಿನ ಕಾವಲುಗಾರ. ಆಮೇಲೆ ಮ್ಯಾನೇಜರು. ಆಮೇಲೆ ಡ್ರೈವರು, ಮೇಕಪ್‌ಮ್ಯಾನು, ಸುತ್ತ ನಿಂತ ಕಪ್ಪಂಗಿಯ ಹುಡುಗರು. "ಸಾರ್ ಷಾಟ್‌ನಲ್ಲಿದ್ದಾರೆ, ಆಮೇಲೆ ಬನ್ನಿ" ಅಂತ ಒಬ್ಬ, "ಇವತ್ತು ಆಗಲ್ಲ, ನಾಳೆ ನೋಡೋಣ" ಅಂತ ಇನ್ನೊಬ್ಬ. ಬೆಳಗ್ಗೆ ಹೋದವನಿಗೆ ಸಾಯಂಕಾಲ ಒಂದು ಸೆಲ್ಫಿ ಸಿಕ್ಕರೆ ಅದೇ ಪುಣ್ಯ!

ಈಗ ಹೇಳಿ, ನಿಮ್ಮ ಹತ್ತಿರ ಬರೋದಕ್ಕೆ ಎಷ್ಟು ಬಾಗಿಲು?

ಒಂದೂ ಇಲ್ಲ! ಫೇಸ್‌ಬುಕ್ಕಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ನಿಮ್ಮ ಫೋಟೋ ಇದೆ. ಹುಟ್ಟಿದ ದಿನ ಇದೆ. ಊರು, ಕೆಲಸ, ಬೈಕಿನ ನಂಬರು ಇದೆ. ತಂಗಿ ಮದುವೆಯ ವಿಡಿಯೋ ಇದೆ. ಯಾವ ಥಿಯೇಟರಿನಲ್ಲಿ ಯಾವ ಷೋಗೆ ಕೂತಿದ್ದೀರಿ ಅನ್ನೋದು ಇಂಟರ್ವೆಲ್ ಮುಗಿಯುವ ಮೊದಲೇ ಊರಿಗೆಲ್ಲ ಗೊತ್ತು. "ಫ್ಯಾನ್ಸ್ ಮೀಟ್‌ಗೆ ಹೆಸರು ಕೊಡಿ" ಅಂತ ಯಾರೋ ಗುರುತಿಲ್ಲದವನು ಬರೆದರೆ, ಅದರ ಕೆಳಗೆ ಸಾಲುಸಾಲಾಗಿ ಮೊಬೈಲ್ ನಂಬರುಗಳು!

ಟಿಕೆಟ್ ಹರಿಯುವವನಿಲ್ಲ, ಟಾರ್ಚ್ ಬಿಟ್ಟು ಸೀಟು ತೋರಿಸುವವನಿಲ್ಲ. ಯಾರು ಬೇಕಾದರೂ ಒಳಗೆ ಬರಬಹುದು, ಬಾಲ್ಕನಿಯಲ್ಲಿ ಕೂರಬಹುದು, ಸೀಟು ಹರಿಯಬಹುದು... ಕೊನೆಗೆ ಟಾಕೀಸಿನ ಬೋರ್ಡನ್ನೇ ಬದಲಾಯಿಸಿ ತನ್ನದು ಅಂತ ಹೇಳಬಹುದು!

ನಾನು ಬರೆಯಹೊರಟಿರೋದು ಆ ಟಾಕೀಸಿಗೆ ಬೇಕಾದ ಗೇಟ್‌ಕೀಪರ್ ಬಗ್ಗೆ. ಅವನ ಹೆಸರು ಸೆಟ್ಟಿಂಗ್ಸ್. ಸ್ಟುಡಿಯೋದಲ್ಲಿ ಹಾಕುವ ಅರಮನೆ ಸೆಟ್ಟಿಂಗ್ ಅಲ್ಲ ಸ್ವಾಮಿ, ನಿಮ್ಮ ಮೊಬೈಲಿನೊಳಗೇ ಸಂಬಳವಿಲ್ಲದೆ ಕೂತಿರುವ ಸೆಟ್ಟಿಂಗ್ಸ್. ನೀವು ಕರೆದು ನಿಲ್ಲಿಸೋ ತನಕ ಅವನು ಗೇಟಿಗೆ ಬರೋದಿಲ್ಲ.

ನಾನೇನು ಕಂಪ್ಯೂಟರ್ ಪಂಡಿತನಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟು ಗಾಂಧಿನಗರದ ಕಡೆ ಮುಖ ಮಾಡಿದವನು. ಮುಹೂರ್ತ, ಪ್ರೆಸ್‌ಮೀಟು, ಹಾಡಿನ ಬಿಡುಗಡೆ ಅಂತ ಅಲೆದು, ಬರೆದದ್ದಕ್ಕೆ ಬಂದ ದುಡ್ಡಿನಲ್ಲಿ ಊಟ ಮಾಡೋನು. ವಯಸ್ಸು ಇನ್ನೂ ಮೂವತ್ತು ದಾಟಿಲ್ಲ. ನನಗೆ ಆಫೀಸಿಲ್ಲ, ಮೇಜಿಲ್ಲ. ಈ ಮೊಬೈಲೇ ಅನ್ನದ ತಟ್ಟೆ. ಅದರಲ್ಲಿರುವ ಖಾತೆ ಕಳ್ಳನ ಪಾಲಾದರೆ ಇಷ್ಟು ವರ್ಷ ಗಳಿಸಿದ ಪರಿಚಯವೆಲ್ಲ ಅವನ ಪಾಲು. ಅದಕ್ಕೇ ಬೀಗ ಹಾಕೋದು ಕಲಿತೆ. ಕಲಿತದ್ದನ್ನ ಹೇಳ್ತೀನಿ, ಅಷ್ಟೆ.

ಪತ್ರಮಿತ್ರರ ಕಾಲ ಹೋಯಿತು

ಹಳೇ ಪತ್ರಿಕೆಗಳನ್ನು ಕೊಳ್ಳೋದು ನನಗೊಂದು ಹುಚ್ಚು. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಕೈ ಹಾಕಿದರೆ ಒಂದೆರಡಾದರೂ ಸಿಗುತ್ತೆ. ಅಂಥವುಗಳಲ್ಲಿ ಪತ್ರಮಿತ್ರರ ಅಂಕಣ ನೋಡಿದಾಗಲೆಲ್ಲ ನಿಂತು ಓದ್ತೀನಿ. ಹೆಸರು, ವಯಸ್ಸು, ಹವ್ಯಾಸ, ಪೂರ್ತಿ ವಿಳಾಸ... ಎಲ್ಲಾ ಅಚ್ಚಾಗಿದೆ! ಹವ್ಯಾಸ ಏನಪ್ಪಾ ಅಂದ್ರೆ, ಚಲನಚಿತ್ರ ನೋಡುವುದು, ಅಂಚೆಚೀಟಿ ಸಂಗ್ರಹ.

"ಆಗ ವಿಳಾಸ ಕೊಟ್ಟರೂ ಏನೂ ಆಗ್ಲಿಲ್ಲ, ಈಗ ಯಾಕೆ ಇಷ್ಟು ಹೆದರಿಕೆ?" ಅಂತ ನೀವು ಕೇಳಬಹುದು. ಕಾರಣ ಸರಳ. ಆಗ ಮೋಸ ಮಾಡೋನೂ ಇನ್‌ಲ್ಯಾಂಡ್ ಲೆಟರ್ ಕೊಳ್ಳಬೇಕಿತ್ತು, ಕೈಯಾರೆ ಬರೆಯಬೇಕಿತ್ತು, ಉತ್ತರಕ್ಕೆ ವಾರಗಟ್ಟಲೆ ಕಾಯಬೇಕಿತ್ತು. ಹತ್ತು ಜನಕ್ಕೆ ಬರೆಯೋ ಹೊತ್ತಿಗೆ ಅವನ ಕೈಯೇ ಸೋಲೋದು. ಈಗ ಒಂದೇ ರಾತ್ರಿಯಲ್ಲಿ ಲಕ್ಷಾಂತರ ಜನರ ವಿವರವನ್ನು ಯಂತ್ರ ಗುಡಿಸಿಕೊಂಡು ಹೋಗುತ್ತೆ.

ಉದಾಹರಣೆ ಬೇಕೇ? 2018ರಲ್ಲಿ ಕೇಂಬ್ರಿಜ್ ಅನಾಲಿಟಿಕಾ ಹಗರಣ ಬಯಲಾಯಿತು. ವ್ಯಕ್ತಿತ್ವ ಪರೀಕ್ಷೆ ಅಂತ ಒಂದು ಆ್ಯಪ್. ಭಾರತದಲ್ಲಿ ಅದನ್ನು ಹಾಕಿಕೊಂಡವರು ಬರೀ 335 ಜನ ಅಂತ ಫೇಸ್‌ಬುಕ್ಕೇ ಲೆಕ್ಕ ಕೊಟ್ಟಿತು. ಆದರೆ ವಿವರ ಸೋರಿಹೋಗಿರಬಹುದಾದ ಭಾರತೀಯರು ಎಷ್ಟು ಗೊತ್ತೆ? ಸುಮಾರು 5 ಲಕ್ಷ 62 ಸಾವಿರ! ಹೇಗೆ? ಆ ಆ್ಯಪ್ ಹಾಕಿಕೊಂಡವನ ವಿವರದ ಜೊತೆಗೆ ಅವನ ಗೆಳೆಯರ ವಿವರವನ್ನೂ ಎತ್ತಿಕೊಂಡಿತ್ತು. ಗೇಟು ತೆಗೆದಿಟ್ಟವನು ಒಬ್ಬ, ಕಳೆದುಕೊಂಡವರು ಸಾವಿರಾರು.

ಈ ಮಾತು ನೆನಪಿಟ್ಟುಕೊಳ್ಳಿ. ಇಡೀ ಲೇಖನದ ತಿರುಳೇ ಇದು. ನಿಮ್ಮ ಖಾತೆಯ ಬಾಗಿಲು ನಿಮ್ಮೊಬ್ಬರ ಬಾಗಿಲಲ್ಲ!

ಒಂದು ಪೇಜಿನ ಕಥೆ

ನನಗೊಬ್ಬ ಗೆಳೆಯ. ನಮ್ಮ ಬೀದಿಯವನೇ. ಹಗಲು ವೆಲ್ಡಿಂಗ್ ಅಂಗಡಿ, ರಾತ್ರಿ ಮೊಬೈಲಿನಲ್ಲಿ ಪೋಸ್ಟರ್ ಎಡಿಟಿಂಗ್. ಒಬ್ಬ ದೊಡ್ಡ ನಟನ ಹೆಸರಿನಲ್ಲಿ ಫ್ಯಾನ್ ಪೇಜ್ ಮಾಡಿದ್ದ. (ಯಾವ ನಟ, ಯಾವ ತಾಣ ಅಂತ ಕೇಳಬೇಡಿ, ಹೇಳೋದಿಲ್ಲ.) ನಾಲ್ಕು ವರ್ಷದ ಬೆವರು, 38 ಸಾವಿರ ಫಾಲೋವರ್ಸ್. ಟೀಸರ್ ಬಂದ ದಿನ ಅವನು ಮಲಗ್ತಾ ಇರಲಿಲ್ಲ.

ಒಂದು ದಿನ ಅವನಿಗೊಂದು ಇ-ಮೇಲ್ ಬಂತು. "ನಿಮ್ಮ ಪೇಜಿನ ಮೇಲೆ ಕಾಪಿರೈಟ್ ದೂರು ಬಂದಿದೆ. 24 ಗಂಟೆಯೊಳಗೆ ಉತ್ತರಿಸದಿದ್ದರೆ ಪೇಜ್ ಅಳಿಸಲಾಗುತ್ತದೆ" ಅಂತ. ಕೆಳಗೊಂದು ಲಿಂಕು. ಸಿನಿಮಾ ತುಣುಕು ಹಾಕಿದ್ದಂತೂ ನಿಜ, ಹುಡುಗ ನಡುಗಿಹೋದ. ಲಿಂಕ್ ಒತ್ತಿದ. ತಾಣದ ಥರವೇ ಕಾಣುವ ಪುಟ. ಪಾಸ್‌ವರ್ಡ್ ಕೇಳಿತು, ಕೊಟ್ಟ. ರಾತ್ರಿ ಹನ್ನೊಂದಕ್ಕೆ ನೋಡಿದರೆ... ಪೇಜ್ ಅವನದ್ದಲ್ಲ!

ಮರುದಿನದಿಂದ ಶುರುವಾಯ್ತು ನೋಡಿ ವಿಲನ್ ಪ್ರವೇಶ. ಪೇಜಿನ ಹೆಸರು ಅದೇ, ಫೋಟೋ ಅದೇ, ಮಾತಿನ ಧಾಟಿಯೂ ಅದೇ. ಪಕ್ಕಾ ದ್ವಿಪಾತ್ರ! "ಅಣ್ಣನ ಹುಟ್ಟುಹಬ್ಬಕ್ಕೆ ಅನ್ನದಾನ ಮಾಡ್ತಿದ್ದೀವಿ, ಕೈಲಾದಷ್ಟು ಹಾಕಿ" ಅಂತ ಒಬ್ಬೊಬ್ಬರಿಗೇ ಸಂದೇಶ ಹೋಯಿತು. ನಂಬದೆ ಏನು ಮಾಡ್ತಾರೆ? ನಾಲ್ಕು ವರ್ಷದಿಂದ ನೋಡ್ತಾ ಬಂದ ಪೇಜು. ಇನ್ನೂರು, ಐನೂರು ಅಂತ ಹಾಕಿದರು.

ತುಮಕೂರು ಕಡೆಯ ಒಬ್ಬ ಗ್ಯಾರೇಜ್ ಹುಡುಗ 1500 ರೂಪಾಯಿ ಹಾಕಿದ್ದ. ವಿಷಯ ಗೊತ್ತಾದ ಮೇಲೆ ನನ್ನ ಗೆಳೆಯನಿಗೆ ಫೋನ್ ಮಾಡಿದ. ನಾನೂ ಪಕ್ಕದಲ್ಲಿದ್ದೆ. ಬೈತಾನೆ ಅಂದುಕೊಂಡೆವು. ಬೈಲಿಲ್ಲ.

"ಅಣ್ಣಾ, ದುಡ್ಡು ಹೋಗ್ಲಿ ಬಿಡಿ. ಅನ್ನದಾನ ನಡೀಲಿಲ್ವಲ್ಲ ಅಣ್ಣಾ..." ಅಂದ.

ನನ್ನ ಗೆಳೆಯ ಫೋನ್ ಇಟ್ಟು ಗೋಡೆ ಕಡೆ ತಿರುಗಿ ಕೂತ. ಆ ವಾರದ ಕೂಲಿಯಲ್ಲಿ ಆ ಹುಡುಗನ 1500 ವಾಪಸ್ ಕಳಿಸಿದ. ಉಳಿದವರ ಲೆಕ್ಕ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಪೇಜು ವಾಪಸ್ ಪಡೆಯೋದೂ ಸುಲಭವಾಗಿರಲಿಲ್ಲ. ಇದನ್ನ ಪ್ರತಿಯೊಬ್ಬ ಫ್ಯಾನ್ ಪೇಜ್ ಹುಡುಗನೂ ತಿಳಿದಿರಬೇಕು. ಸ್ವಂತ ಫೋಟೋ ಇರುವ ಖಾತೆಯಾದರೆ, ಮುಖ ಆ ಕಡೆ ಈ ಕಡೆ ತಿರುಗಿಸಿ ವಿಡಿಯೋ ಕಳಿಸಿ ಅಂತಾರೆ, ಫೋಟೋ ಜೊತೆ ತಾಳೆ ನೋಡ್ತಾರೆ. ಆದರೆ ಫ್ಯಾನ್ ಪೇಜಿನಲ್ಲಿ ಇರೋದೆಲ್ಲ ನಾಯಕನ ಮುಖ! ನಿಮ್ಮ ಮುಖ ತಾಳೆಯಾಗೋದು ಯಾವುದರ ಜೊತೆ? ಆಗ ಕೇಳೋದು, ಖಾತೆ ತೆರೆದಾಗ ಕೊಟ್ಟ ಇ-ಮೇಲ್ ಯಾವುದು, ಫೋನ್ ನಂಬರ್ ಯಾವುದು, ಯಾವ ಫೋನಿನಿಂದ ತೆರೆದಿರಿ ಅಂತ. ನಮ್ಮ ಹುಡುಗನಿಗೆ ಅದು ನೆನಪಿತ್ತು, ಪುಣ್ಯ. ಹತ್ತೊಂಬತ್ತು ದಿನಕ್ಕೆ ಪೇಜ್ ಬಂತು. ನಿಮ್ಮದು ಯಾವ ಇ-ಮೇಲ್ ಅಂತ ಈಗಲೇ ಒಂದು ಸಲ ನೋಡಿಕೊಳ್ಳಿ. ಮೊಬೈಲ್ ಅಂಗಡಿಯವನು ಮಾಡಿಕೊಟ್ಟ, ಪಾಸ್‌ವರ್ಡ್ ಮರೆತುಹೋದ ಇ-ಮೇಲ್ ಆದರೆ ಇವತ್ತೇ ಬದಲಾಯಿಸಿ.

ದೊಡ್ಡವರಿಗೂ ತಪ್ಪಿದ್ದಲ್ಲ

"ಓದು ಬರಹ ಕಮ್ಮಿ ಇರೋ ಹುಡುಗರು ಮೋಸ ಹೋಗ್ತಾರೆ ಬಿಡಿ" ಅನ್ನಬೇಡಿ. 2019ರ ಜೂನ್‌ನಲ್ಲಿ ಅಮಿತಾಭ್ ಬಚ್ಚನ್ ಅವರ ಟ್ವಿಟ್ಟರ್ ಖಾತೆಯನ್ನೇ ಯಾರೋ ಕೈವಶ ಮಾಡಿಕೊಂಡು, ಅವರ ಫೋಟೋ ತೆಗೆದು ಆಗಿನ ಪಾಕಿಸ್ತಾನದ ಪ್ರಧಾನಿ ಇಮ್ರಾನ್ ಖಾನ್ ಫೋಟೋ ಅಂಟಿಸಿದ್ದರು!

ನಮ್ಮ ಮನೆಯ ವಿಷಯಕ್ಕೇ ಬರೋಣ. 2025ರ ಸೆಪ್ಟೆಂಬರ್‌ನಲ್ಲಿ ಪ್ರಿಯಾಂಕಾ ಉಪೇಂದ್ರ ಅವರಿಗೆ, ತರಿಸಿದ ಸಾಮಾನು ತಲುಪಿಸುವ ನೆಪದಲ್ಲಿ ಕರೆ ಬಂತು. ಸ್ಟಾರು, ಹ್ಯಾಶು ಇರುವ ಒಂದು ಕೋಡ್ ಒತ್ತಿಸಿದರು. ಅಷ್ಟೇ, ವಾಟ್ಸಾಪ್ ಕಳ್ಳರ ಪಾಲು! ಪರಿಚಯದವರಿಗೆಲ್ಲ "ಅರ್ಜೆಂಟಾಗಿ ದುಡ್ಡು ಬೇಕು" ಅಂತ ಸಂದೇಶ. ಉಪೇಂದ್ರ ಅವರೇ ವಿಡಿಯೋ ಮಾಡಿ ಯಾರೂ ದುಡ್ಡು ಹಾಕಬೇಡಿ ಅಂತ ಕೇಳಿಕೊಳ್ಳಬೇಕಾಯಿತು. ಅವರು ಮುಚ್ಚಿಡದೆ ಹೊರಗೆ ಹೇಳಿದ್ದು ದೊಡ್ಡತನ. ಅದರಿಂದ ಎಷ್ಟು ಜನರ ದುಡ್ಡು ಉಳಿಯಿತೋ!

ಒಂದು ಕೋಡ್ ಒತ್ತಿದ ಮಾತ್ರಕ್ಕೆ ಹೇಗೆ ಹೋಗುತ್ತೆ ಅಂತೀರಾ? ಇಂಥ ಕೋಡುಗಳ ಕೆಲಸ ಸಾಮಾನ್ಯವಾಗಿ ನಿಮಗೆ ಬರುವ ಕರೆಯನ್ನು ಬೇರೆ ನಂಬರಿಗೆ ತಿರುಗಿಸೋದು. ಆಮೇಲೆ ಕಳ್ಳ ತನ್ನ ಫೋನಿನಲ್ಲಿ ನಿಮ್ಮ ನಂಬರಿನ ವಾಟ್ಸಾಪ್ ತೆರೆಯುತ್ತಾನೆ. ಗುಪ್ತಸಂಖ್ಯೆಯನ್ನು ಫೋನ್ ಕರೆ ಮೂಲಕ ಹೇಳಿ ಅಂತ ಕೇಳುತ್ತಾನೆ. ಆ ಕರೆ ನಿಮ್ಮ ಕಿವಿಗೆ ಬೀಳೋದೇ ಇಲ್ಲ, ನೇರ ಅವನ ಕಿವಿಗೆ! ಹಾಗೇನಾದರೂ ಒತ್ತಿಬಿಟ್ಟಿದ್ದರೆ ##002# ಅಂತ ಒತ್ತಿ ಕರೆ ಮಾಡಿ, ತಿರುಗಿಸಿದ್ದೆಲ್ಲ ರದ್ದಾಗುತ್ತೆ.

ಇದಕ್ಕೆಲ್ಲ ಮದ್ದು ಎರಡನೇ ಬೀಗ. ವಾಟ್ಸಾಪಿನ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ಅಂತ ಇದೆ. ಅದರೊಳಗೆ ಟೂ ಸ್ಟೆಪ್ ವೆರಿಫಿಕೇಷನ್. ಆರು ಅಂಕಿಯ ಒಂದು ಸಂಖ್ಯೆ ನೀವೇ ಇಟ್ಟುಕೊಳ್ಳಿ. ಕಳ್ಳನಿಗೆ ಗುಪ್ತಸಂಖ್ಯೆ ಸಿಕ್ಕರೂ ಈ ಆರು ಅಂಕಿ ಗೊತ್ತಿಲ್ಲದೆ ಒಳಗೆ ಕಾಲಿಡಲಾರ. ಹುಟ್ಟಿದ ದಿನ ಮಾತ್ರ ಇಡಬೇಡಿ ಮಾರಾಯ್ರೇ, ಅದನ್ನ ಫೇಸ್‌ಬುಕ್ಕಿನಲ್ಲಿ ನೀವೇ ಹಾಕಿದ್ದೀರಿ! ಅಲ್ಲೇ ಲಿಂಕ್ಡ್ ಡಿವೈಸಸ್ ಅಂತಲೂ ಇದೆ. ನಿಮ್ಮ ವಾಟ್ಸಾಪ್ ಬೇರೆ ಯಾವ ಕಂಪ್ಯೂಟರಿನಲ್ಲಿ ತೆರೆದಿದೆ ಅಂತ ತೋರಿಸುತ್ತೆ. ಗುರುತಿಲ್ಲದ್ದು ಕಂಡರೆ ಹೊರಗೆ ಹಾಕಿ.

ಇನ್‌ಸ್ಟಾಗ್ರಾಂ, ಫೇಸ್‌ಬುಕ್ಕಿಗೂ ಇದೇ ಎರಡನೇ ಬೀಗ ಇದೆ. ಮೆಸೇಜಿನಲ್ಲಿ ಬರುವ ಸಂಖ್ಯೆಗಿಂತ ಅಥೆಂಟಿಕೇಟರ್ ಆ್ಯಪ್ ಗಟ್ಟಿ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಸಂಖ್ಯೆ ಬದಲಾಗುತ್ತೆ, ನೆಟ್‌ವರ್ಕ್ ಬೇಕಿಲ್ಲ, ಕರೆ ತಿರುಗಿಸಿದರೂ ಕಳ್ಳನಿಗೆ ಸಿಗೋದಿಲ್ಲ. ಆದರೆ ಆ ಸಂಖ್ಯೆಯನ್ನು ನೀವೇ ನಕಲಿ ಪುಟದಲ್ಲಿ ಟೈಪ್ ಮಾಡಿದರೆ ಯಾವ ಬೀಗವೂ ಕಾಯಲಾರದು! ಬೀಗ ಹಾಕುವಾಗ ಕೊಡುವ ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಬರೆದು ಮನೆಯಲ್ಲಿಡಿ. ಫೋನ್ ಕಳೆದಾಗ ಅವೇ ಗತಿ. ಇನ್ನು, ಇನ್‌ಸ್ಟಾಗ್ರಾಮಿನಿಂದ ಅಂತ ಮೇಲ್ ಬಂದರೆ, ನಿಜವಾಗಿ ಕಳಿಸಿದ್ದೋ ಅಲ್ಲವೋ ಅಂತ ಸೆಟ್ಟಿಂಗ್ಸ್‌ನೊಳಗೇ ನೋಡಬಹುದು. ಇತ್ತೀಚೆಗೆ ಅವರು ಕಳಿಸಿದ ಮೇಲ್‌ಗಳ ಪಟ್ಟಿ ಅಲ್ಲಿರುತ್ತೆ. ಪಟ್ಟಿಯಲ್ಲಿಲ್ಲದಿದ್ದರೆ ಅದು ವಿಲನ್ ಕಳಿಸಿದ್ದು!

ತಂಗಿಯ ಫೋಟೋ, ನಾಯಕಿಯ ಮುಖ

ಕಳ್ಳ ಒಳಗೆ ಬರದ ಹಾಗೆ ಬೀಗ ಹಾಕಿದ್ದಾಯ್ತು. ಇನ್ನು ಬೀದಿಯಲ್ಲಿ ನಿಂತು ಕಿಟಕಿಯಿಂದ ನೋಡುವವರ ವಿಷಯ.

2021ರಲ್ಲಿ ಫೇಸ್‌ಬುಕ್ಕಿನ 53 ಕೋಟಿಗೂ ಹೆಚ್ಚು ಜನರ ವಿವರ ಅಂತರ್ಜಾಲದಲ್ಲಿ ಬಿದ್ದಿತ್ತು, ಫೋನ್ ನಂಬರ್ ಸಮೇತ. ಅದರಲ್ಲಿ ಭಾರತೀಯರೇ ಸುಮಾರು 60 ಲಕ್ಷ. ಫೋನ್ ನಂಬರ್ ಕೊಟ್ಟು ಗೆಳೆಯರನ್ನು ಹುಡುಕುವ ಸೌಲಭ್ಯವನ್ನೇ ದುರುಪಯೋಗ ಮಾಡಿ ಎತ್ತಿದ್ದು ಅದು. ಆದ್ದರಿಂದ ಫೇಸ್‌ಬುಕ್ಕಿನ ಸೆಟ್ಟಿಂಗ್ಸ್‌ಗೆ ಹೋಗಿ, ನಿಮ್ಮ ನಂಬರಿನಿಂದ ನಿಮ್ಮನ್ನು ಯಾರು ಹುಡುಕಬಹುದು ಅನ್ನುವಲ್ಲಿ 'ಎಲ್ಲರೂ' ಅಂತಿದ್ದರೆ ತೆಗೆಯಿರಿ. ಗೆಳೆಯರ ಪಟ್ಟಿ ಯಾರು ನೋಡಬಹುದು ಅನ್ನುವಲ್ಲಿ 'ನಾನು ಮಾತ್ರ' ಮಾಡಿ. ನಿಮ್ಮ ಹೆಸರಲ್ಲಿ ನಕಲಿ ಖಾತೆ ಮಾಡುವವನು ಮೊದಲು ಹುಡುಕೋದೇ ಆ ಪಟ್ಟಿಯನ್ನ! 2020ರಲ್ಲಿ ಫೇಸ್‌ಬುಕ್ಕು ಭಾರತಕ್ಕೆ ತಂದ ಪ್ರೊಫೈಲ್ ಲಾಕ್ ಕೂಡ ಇದೆ. ಒಂದೇ ಸಲ ಒತ್ತಿದರೆ ಗೆಳೆಯರಲ್ಲದವರಿಗೆ ನಿಮ್ಮ ಫೋಟೋ ದೊಡ್ಡದಾಗಿ ಕಾಣೋದಿಲ್ಲ, ಹಳೇ ಪೋಸ್ಟೂ ಕಾಣೋದಿಲ್ಲ.

ಅಂದ ಹಾಗೆ, ನೀವು ಹಾಕುವ ಫೋಟೋಗಳಲ್ಲಿ ಎಷ್ಟು ನಿಮ್ಮವು? ಅಕ್ಕ, ತಂಗಿ, ಅತ್ತಿಗೆ, ಅವರ ಗೆಳತಿಯರು... ಅವರನ್ನು ಕೇಳಿದಿರಾ?

2023ರ ನವೆಂಬರ್‌ನಲ್ಲಿ ನಮ್ಮ ಕೊಡಗಿನ ಹುಡುಗಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಹೆಣ್ಣುಮಗಳ ವಿಡಿಯೋಗೆ ಅಂಟಿಸಿ ಹರಿಯಬಿಟ್ಟಿದ್ದು ನಿಮಗೆ ನೆನಪಿರಬೇಕು. ಮುಂದಿನ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರದ ಒಬ್ಬ ಯುವಕನನ್ನು ಹಿಡಿದರು. ಯಾರು ಅವನು? ಪೊಲೀಸರ ಪ್ರಕಾರ ಆಕೆಯದೇ ಫ್ಯಾನ್ ಪೇಜ್ ನಡೆಸುತ್ತಿದ್ದವನು! ಉದ್ದೇಶ? ಫಾಲೋವರ್ಸ್ ಹೆಚ್ಚಿಸಿಕೊಳ್ಳೋದು! ನಾವು ವಿಲನ್ ಎಲ್ಲೋ ದೂರದಲ್ಲಿದ್ದಾನೆ ಅಂದುಕೊಂಡಿದ್ದರೆ ಅವನು ಶಿಳ್ಳೆ ಹೊಡೆಯುವವರ ಸಾಲಿನಲ್ಲೇ ಕೂತಿದ್ದ.

ಆ ಪ್ರಕರಣದಲ್ಲಿ ನನ್ನನ್ನು ಕಾಡೋದು ಇನ್ನೊಂದು. ಮುಖ ನಾಯಕಿಯದು, ಸರಿ. ಮೈ ಯಾರದು? ತನ್ನ ಖಾತೆಯಲ್ಲಿ ತನ್ನ ವಿಡಿಯೋ ಹಾಕಿಕೊಂಡಿದ್ದ ಒಬ್ಬ ಹೆಣ್ಣುಮಗಳದು. ನಾಯಕಿಯ ಪರವಾಗಿ ದೇಶವೇ ಮಾತಾಡಿತು. ನಿಮ್ಮ ತಂಗಿಗೆ ಹೀಗಾದರೆ ಯಾರು ಮಾತಾಡ್ತಾರೆ? ಆದ್ದರಿಂದ ಮನೆಯ ಹೆಣ್ಣುಮಕ್ಕಳ ಫೋಟೋ ಹಾಕುವ ಮುಂಚೆ ಅವರ ಒಪ್ಪಿಗೆ ಕೇಳಿ. ಒಪ್ಪಿದರೂ 'ಕ್ಲೋಸ್ ಫ್ರೆಂಡ್ಸ್'ಗೆ ಮಾತ್ರ ಹಾಕಿ. ಬೇರೆಯವರು ನಿಮ್ಮನ್ನು ಟ್ಯಾಗ್ ಮಾಡಿದರೆ ನೀವು ಒಪ್ಪಿದ ಮೇಲೇ ನಿಮ್ಮ ಪ್ರೊಫೈಲಿನಲ್ಲಿ ಕಾಣುವ ಹಾಗೆ ಮಾಡಬಹುದು.

"ಬೀಗ ಹಾಕಿದ್ರೆ ಚಾನ್ಸ್ ಹೇಗೆ ಬರುತ್ತೆ ಗುರೂ?"

ಇದು ನಾನು ಹೆಚ್ಚಾಗಿ ಕೇಳುವ ಪ್ರಶ್ನೆ. ನ್ಯಾಯವಾದದ್ದೇ. ರೀಲ್ಸ್ ಮಾಡೋನು, ನಟ ಆಗಬೇಕು ಅನ್ನೋನು ಖಾತೆ ಮುಚ್ಚಿಟ್ಟರೆ ಅವನನ್ನು ನೋಡೋರು ಯಾರು?

ಉಪಾಯ ಸುಲಭ, ಎರಡು ಖಾತೆ ಇಡಿ. ಒಂದು ಊರಿಗೆ, ಒಂದು ಮನೆಗೆ. ಊರಿನ ಖಾತೆಯಲ್ಲಿ ನಿಮ್ಮ ಕಲೆ ಇರಲಿ. ಅದಕ್ಕೆ ಬೇರೆಯದೇ ಇ-ಮೇಲ್ ಇರಲಿ. ಮನೆ ನಂಬರ್, ಮನೆಯವರು, ಕೂತ ಜಾಗ ಬೇಡ. ಮನೆಯ ಖಾತೆ ಪ್ರೈವೇಟ್ ಮಾಡಿ, ನೂರೋ ಇನ್ನೂರೋ ನಿಜವಾದ ಗೆಳೆಯರಿಗೆ ಮಾತ್ರ. ನಾಯಕರೂ ಮಾಡೋದು ಇದನ್ನೇ ಅಲ್ವಾ? ಪರದೆ ಮೇಲೆ ಎಲ್ಲರಿಗೂ ಕಾಣ್ತಾರೆ, ಮನೆಯ ಗೇಟು ಹಾಕಿರ್ತಾರೆ.

"ನಿಮ್ಮ ರೀಲ್ಸ್ ನೋಡಿದೆವು, ಹೊಸ ಚಿತ್ರಕ್ಕೆ ಆಯ್ಕೆಯಾಗಿದ್ದೀರಿ, ನೋಂದಣಿಗೆ ದುಡ್ಡು ಕಳಿಸಿ" ಅಂತ ಸಂದೇಶ ಬಂದರೆ ತಿಳ್ಕೊಳ್ಳಿ, ಪಾತ್ರ ಕೊಡೋನು ಪಾತ್ರಕ್ಕಾಗಿ ನಿಮ್ಮಿಂದ ದುಡ್ಡು ಕೇಳಲ್ಲ. ಆಧಾರ್ ಫೋಟೋವನ್ನೂ ಸಂದೇಶದಲ್ಲಿ ಕೇಳಲ್ಲ. ಗಾಂಧಿನಗರದಲ್ಲಿ ಇಷ್ಟು ವರ್ಷ ಅಲೆದವನ ಮಾತು ಇದು.

ಬೀಗ ಬೇರೆ, ಮುಖವಾಡ ಬೇರೆ

ಈ ಸೆಟ್ಟಿಂಗ್ಸ್ ಎಲ್ಲ ಕಲಿತು ಇನ್ನೊಬ್ಬರನ್ನು ಬೈಯೋದಕ್ಕೆ ಬಳಸೋರೂ ಇದ್ದಾರೆ. ನಕಲಿ ಹೆಸರು, ನಾಯಕನ ಫೋಟೋ, ಖಾತೆಗೆ ಬೀಗ... "ಯಾರಿಗೂ ಸಿಗಲ್ಲ" ಅನ್ನೋ ಧೈರ್ಯ.

2025ರ ಜುಲೈನಲ್ಲಿ ನಟಿ ರಮ್ಯಾ ಬೆಂಗಳೂರು ಪೊಲೀಸ್ ಕಮಿಷನರಿಗೆ ದೂರು ಕೊಟ್ಟರು. ತಮಗೆ ಅಶ್ಲೀಲ ಸಂದೇಶ ಕಳಿಸಿದ 43 ಖಾತೆಗಳ ಪಟ್ಟಿ ಅದರಲ್ಲಿತ್ತು. ಕೆಲವೇ ದಿನಗಳಲ್ಲಿ ಪೊಲೀಸರು ಹುಡುಗರನ್ನು ಮನೆಯಿಂದ ಎತ್ತಿಕೊಂಡು ಬಂದರು. ಸೆಟ್ಟಿಂಗ್ಸ್ ಇರೋದು ಕಳ್ಳನನ್ನು ತಡೆಯೋದಕ್ಕೆ, ಕಳ್ಳನನ್ನು ಬಚ್ಚಿಡೋದಕ್ಕಲ್ಲ!

ಕಾನೂನು ನಿಮ್ಮ ಕಡೆಗೂ ಇದೆ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಐಟಿ ಕಾಯ್ದೆಯ 66ಸಿ, ಇನ್ನೊಬ್ಬನ ವೇಷ ಹಾಕಿ ವಂಚಿಸಿದರೆ 66ಡಿ. ಎರಡಕ್ಕೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಬ್ಯಾಂಕಿನಲ್ಲೇ ದುಡ್ಡು ತಡೆಹಿಡಿಯುವ ಅವಕಾಶ ಹೆಚ್ಚು.

ಇನ್ನೊಂದು ಹೆಮ್ಮೆಯ ಮಾತು. 'ನನ್ನ ಖಾಸಗಿ ಬದುಕು ನನ್ನದು' ಅನ್ನೋದು ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ಯಾರು? ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ! 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತರ ಮೇಲೆ ವಯಸ್ಸು. 2024ರಲ್ಲಿ ತೀರಿಕೊಂಡರು. ಆ ವಯಸ್ಸಿನಲ್ಲಿ ಅವರು ನಮಗಾಗಿ ದೆಹಲಿಯ ಕೋರ್ಟಿನ ಬಾಗಿಲು ತಟ್ಟಿದರು. ನಮ್ಮ ಮೊಬೈಲಿನ ಬಾಗಿಲು ಹಾಕೋದಕ್ಕೆ ನಮಗೆ ಹತ್ತು ನಿಮಿಷ ಇಲ್ವೇ?

ಬಸ್ಸು ಹೊರಡೋದಕ್ಕೆ ಇನ್ನೂ ಹೊತ್ತಿದ್ದರೆ ಈಗಲೇ ಮೊಬೈಲ್ ತೆಗೆಯಿರಿ. ಮೊದಲು ಎರಡನೇ ಬೀಗ. ಆಮೇಲೆ ಇ-ಮೇಲ್ ಸರಿ ಇದೆಯಾ ನೋಡಿ. ಆಮೇಲೆ ಗುರುತಿಲ್ಲದ ಫೋನು, ಬೇಡದ ಆ್ಯಪು ಹೊರಗೆ ಹಾಕಿ. ಊರು ತಲುಪಿದ ಮೇಲೆ ಅಪ್ಪ ಅಮ್ಮನ ಫೋನಿಗೂ ಮಾಡಿಕೊಡಿ. ಫ್ಯಾನ್ ಪೇಜ್ ನಡೆಸುವ ಗೆಳೆಯನಿದ್ದರೆ ಈ ಸಂಚಿಕೆ ಅವನ ಕೈಗಿಡಿ.

ನಾಯಕನನ್ನು ಪ್ರೀತಿಸೋದು ತಪ್ಪಲ್ಲ. ಆ ಪ್ರೀತಿಯ ಹೆಸರಿನಲ್ಲಿ ನಿಮ್ಮನ್ನು ನಂಬಿ ಬಂದವರಿದ್ದಾರಲ್ಲ, ಅವರನ್ನು ಕಾಯೋದೂ ಅಭಿಮಾನವೇ. ಏನಂತೀರಿ?